ಮೂಗಿಗೊಂದು ಪಂಚಾಂಗ

ಮಾತಾಡುತ್ತಿರುವವರು ಇಬ್ಬರು. ಒಬ್ಬರು ಬೆಂಗಳೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಇನ್ನೊಬ್ಬ ಅವರ ತಮ್ಮನ ಮಗ, ಸಾಫ್ಟ್‌ವೇರ್ ಕೆಲಸದವನು. ಬೆಂಗಳೂರಿನ ಅಲರ್ಜಿಯ ಸ್ಥಿತಿಯನ್ನು ಬಡಾವಣೆವಾರು ತೋರಿಸುವ ವೆಬ್ ಆ್ಯಪ್ ಒಂದನ್ನು ಅವನು ಬಿಡುವಿನ ವೇಳೆಯಲ್ಲಿ ಕಟ್ಟುತ್ತಿದ್ದಾನೆ.

ಅಳಿಯ: ಅತ್ತೆ, ಈ ಪುಟ ನೋಡಿ. ಪಿನ್‌ಕೋಡ್ ಹಾಕಿದರೆ ಆ ಬಡಾವಣೆಯ ಬಿಸಿಲು, ಗಾಳಿ, ತೇವಾಂಶ ಎಲ್ಲಾ ಬರುತ್ತೆ. ಮೇಲೊಂದು ಬಣ್ಣದ ಪಟ್ಟಿ. ಹಸಿರಿದ್ದರೆ ಅಲರ್ಜಿ ಇರೋರು ನಿಶ್ಚಿಂತೆಯಾಗಿ ಓಡಾಡಬಹುದು. ಹಳದಿ ಅಂದರೆ ಹುಷಾರು. ಕೆಂಪಾದರೆ ಕಿಟಕಿ ಮುಚ್ಚಿಕೊಂಡು ಮನೇಲಿರೋದು.

ಅತ್ತೆ: ಜಯನಗರಕ್ಕೆ ಈಗ ಹಸಿರು ತೋರಿಸ್ತಿದೆಯಲ್ಲೋ. ಬೆಳಗ್ಗೆಯಿಂದ ಸೀನಿ ಸೀನಿ ನನ್ನ ಮೂಗು ಕೆಂಪಾಗಿದೆ.

ಅಳಿಯ: ಈ ಹಸಿರು ಸುಳ್ಳು. ನಿಮಗೆ ತೋರಿಸೋಣ ಅಂತಲೇ ಹಾಗೇ ಬಿಟ್ಟಿದ್ದೀನಿ. ಓಪನ್-ಮೀಟಿಯೊ ಅಂತ ಒಂದು ಉಚಿತ ಹವಾಮಾನ ಸೇವೆ ಇದೆ. ಅಕ್ಷಾಂಶ, ರೇಖಾಂಶ ಕೊಟ್ಟರೆ ಗಂಟೆಗಂಟೆಯ ಅಂಕಿ ಕೊಡುತ್ತೆ, ಪರಾಗದ್ದನ್ನೂ ಕೊಡುತ್ತೆ. ಆದರೆ ಪರಾಗದ ಅಂಕಿ ಬರೋದು ಯುರೋಪಿನವರ ಕೋಪರ್ನಿಕಸ್ ಅನ್ನೋ ಕಾರ್ಯಕ್ರಮದ ಮಾದರಿಯಿಂದ, ಅದೂ ಯುರೋಪಿಗೆ ಮಾತ್ರ. ಆಲ್ಡರ್, ಬರ್ಚ್, ಹುಲ್ಲು, ಮಗ್‌ವರ್ಟ್, ಆಲಿವ್, ರ್‍ಯಾಗ್‌ವೀಡ್, ಇಷ್ಟೇ ಬಗೆ. ಬೆಂಗಳೂರಿನ 12.97, 77.59 ಕೊಟ್ಟರೆ ‘ನಲ್’ ಅಂತ ಬರುತ್ತೆ, ಅಂದರೆ ಮಾಹಿತಿ ಇಲ್ಲ. ಆ ನಲ್ ಅನ್ನು ಸಂಖ್ಯೆ ಮಾಡು ಅಂತ ಜಾವಾಸ್ಕ್ರಿಪ್ಟ್‌ಗೆ ಹೇಳಿದರೆ ಅದು ತಕರಾರಿಲ್ಲದೆ ಸೊನ್ನೆ ಮಾಡಿಬಿಡುತ್ತೆ. ಸೊನ್ನೆ ಅಂದರೆ ಪಟ್ಟಿ ಹಸಿರು.

ಅತ್ತೆ: ಗೊತ್ತಿಲ್ಲ ಅನ್ನೋದು ಇಲ್ಲ ಅಂತ ಆಗಿಹೋಯ್ತು.

ಅಳಿಯ: ಒಂದೇ ಸಾಲಿನ ಕೋಡ್‌ನಲ್ಲಿ. ಹೊರಗಿನಿಂದ ನೋಡೋರಿಗೆ ಇದು ತಿಳಿಯೋದೂ ಇಲ್ಲ. ಹಸಿರು ಕಂಡು ಮಾತ್ರೆ ಬಿಟ್ಟು ವಾಕಿಂಗ್ ಹೋಗ್ತಾರೆ. ಅದಕ್ಕೇ ನಿಮ್ಮ ಹತ್ತಿರ ಬಂದೆ. ಪರಾಗದ ಅಂಕಿ ಸಿಗದಿದ್ದರೆ ಮಾಲಿನ್ಯ ಮಂಡಳಿಯ ಕೇಂದ್ರಗಳ ಅಂಕಿ ಹಾಕಬಹುದಾ? ಸಿಲ್ಕ್ ಬೋರ್ಡ್, ಹೆಬ್ಬಾಳ, ಜಯನಗರ ಐದನೇ ಬ್ಲಾಕ್‌ಗಳಲ್ಲಿ ಯಂತ್ರಗಳಿವೆ.

ಅತ್ತೆ: ಅವು ಅಳೆಯೋದು ಬೇರೆ. ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕ 2015ರಲ್ಲಿ ಬಂತು. ಅದರ ಲೆಕ್ಕಕ್ಕೆ ಎಂಟು ಮಾಲಿನ್ಯಕಾರಕ. ಎರಡು ಬಗೆಯ ಕಣ, ಸಾರಜನಕದ ಡೈಆಕ್ಸೈಡ್, ಗಂಧಕದ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯ, ಸೀಸ. ಪರಾಗ ಅದರಲ್ಲಿಲ್ಲ. ಕಣಗಳಲ್ಲೂ ಅವರು ಹಿಡಿಯೋದು ಎರಡೂವರೆ ಮೈಕ್ರಾನ್‌ಗಿಂತ ಸಣ್ಣದು ಮತ್ತು ಹತ್ತು ಮೈಕ್ರಾನ್‌ಗಿಂತ ಸಣ್ಣದು. ಕಾಂಗ್ರೆಸ್ ಗಿಡದ ಪರಾಗ ಹದಿನೈದು ಇಪ್ಪತ್ತು ಮೈಕ್ರಾನ್ ಇರುತ್ತೆ, ಹುಲ್ಲಿನದು ಅದಕ್ಕಿಂತ ದೊಡ್ಡದು. ಆ ಯಂತ್ರದ ಬಾಯಲ್ಲಿ ಜರಡಿ ಇದೆ ಕಣೋ. ನಮಗೆ ಬೇಕಾದದ್ದು ಜರಡಿಯ ಮೇಲೆ ಉಳಿಯುತ್ತೆ.

ಅಳಿಯ: ಅಂದರೆ ಗಾಳಿ ಶುಭ್ರವಾಗಿದೆ ಅಂತ ಸೂಚ್ಯಂಕ ಹೇಳೋ ದಿನವೇ ಪರಾಗ ತುಂಬಿರಬಹುದು.

ಅತ್ತೆ: ಧಾರಾಳವಾಗಿ. ಹಾಗಂತ ಆ ಅಂಕಿ ಎಸೆಯಬೇಡ. ಡೀಸೆಲ್ ಹೊಗೆ ಕುಡಿದ ಮೂಗಿಗೆ ಪರಾಗ ಇನ್ನಷ್ಟು ಕಾಟ ಕೊಡುತ್ತೆ. ಪಕ್ಕದಲ್ಲಿ ತೋರಿಸು, ಪರಾಗದ ಜಾಗದಲ್ಲಿ ಮಾತ್ರ ಕೂರಿಸಬೇಡ. ಅದಿರಲಿ, ಮರದ ಚಿತ್ರ ಹಾಕಿದ್ದೀಯಲ್ಲ, ಯಾವ ಮರ ಇದು?

ಅಳಿಯ: ತಬೆಬುಯಾ. ಫೆಬ್ರವರಿಯಲ್ಲಿ ಊರೆಲ್ಲಾ ಗುಲಾಬಿ ಬಣ್ಣ ಆಗುತ್ತಲ್ಲ, ಆಗಲೇ ಎಲ್ಲರೂ ಸೀನೋದು. ನಮ್ಮ ಆಫೀಸಿನಲ್ಲಿ ಅರ್ಧಕ್ಕರ್ಧ ಜನ ಅದನ್ನೇ ಬೈತಾರೆ.

ಅತ್ತೆ: ಪಾಪ, ಅದರದ್ದೇನೂ ತಪ್ಪಿಲ್ಲ. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಒಂದು ಮರ ಹೂ ಮುಗಿಸೋ ಹೊತ್ತಿಗೆ ಇನ್ನೊಂದು ಹೂ ಬಿಡೋ ಹಾಗೆ ಬೀದಿಗಳಿಗೆ ಮರ ಹಾಕಿಸಿದರು. ಆಮೇಲೆ ಎಂಬತ್ತರ ದಶಕದಲ್ಲಿ ಅರಣ್ಯ ಇಲಾಖೆಯ ನೇಗಿನಹಾಳರು ಲಕ್ಷಗಟ್ಟಲೆ ಗಿಡ ನೆಡಿಸಿದರು. ಇದೆಲ್ಲಾ ಕಣ್ಣಿಗೆ ಹಬ್ಬ. ಆದರೆ ಬಣ್ಣ, ಮಕರಂದ ಇಟ್ಟುಕೊಂಡು ಜೇನ್ನೊಣ ಕರೆಯೋ ಹೂವಿನ ಪರಾಗ ಭಾರ, ಅಂಟು ಅಂಟು. ನೊಣದ ಕಾಲಿಗೆ ಹತ್ತಿಕೊಂಡು ಹೋಗುತ್ತೆ, ಹೆಚ್ಚಾಗಿ ಗಾಳಿಗೆ ಬರೋದಿಲ್ಲ. ಯಾರ ಕಣ್ಣಿಗೂ ಬೀಳದ ಹೂವನ್ನು ಅನುಮಾನಿಸಬೇಕು. ಗರಿಕೆಯ ತೆನೆ, ಜೋಳದ ಸೂಲಂಗಿ, ಹರಳು ಗಿಡ, ಸರ್ವೆ ಮರ, ಬೇಲಿ ಮಗ್ಗುಲಲ್ಲಿ ತಾನೇ ಹುಟ್ಟೋ ದಂಟಿನ ಜಾತಿಗಳು. ಇವೆಲ್ಲಾ ಗಾಳಿಯನ್ನೇ ನಂಬಿದವು. ಒಂದು ಕಣ ಗುರಿ ಮುಟ್ಟಲಿ ಅಂತ ಲಕ್ಷ ಕಣ ತೂರುತ್ತವೆ, ಮಿಕ್ಕದ್ದು ನಮ್ಮ ಮೂಗಿಗೆ. ಬೂರುಗದ ಹತ್ತಿ ಹಾರಾಡುತ್ತಲ್ಲ, ಅದನ್ನೂ ಪರಾಗ ಅಂತ ತಿಳ್ಕೊಂಡವರಿದ್ದಾರೆ. ಅದು ಬೀಜದ ಹತ್ತಿ.

ಅಳಿಯ: ಮತ್ತೆ ಕಾಂಗ್ರೆಸ್ ಗಿಡ?

ಅತ್ತೆ: ಅದಕ್ಕೆ ನಿನ್ನ ಆ್ಯಪ್‌ನಲ್ಲಿ ಪ್ರತ್ಯೇಕ ಪುಟವೇ ಇರಬೇಕು. ಪಾರ್ಥೇನಿಯಮ್ ಮೆಕ್ಸಿಕೋ ಕಡೆಯದು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಗೆ ಬಂತು. ಅಮೆರಿಕದ ಗೋಧಿ ಜೊತೆ ಬಂತು ಅಂತ ಜನ ಹೇಳ್ತಾರೆ. ಒಂದು ಗಿಡ ಹತ್ತು ಸಾವಿರದ ಮೇಲೆ ಬೀಜ ಬಿಡುತ್ತೆ. ಖಾಲಿ ಸೈಟು, ರೈಲು ಹಳಿ ಅಂಚು, ಕೆರೆ ಅಂಗಳ, ಎಲ್ಲಿ ಮಣ್ಣು ಅಗೆದು ಬಿಟ್ಟಿದ್ದಾರೋ ಅಲ್ಲೆಲ್ಲಾ ಅದೇ. ಮೈಗೆ ತಾಗಿದರೆ ಚರ್ಮ ದಪ್ಪಗಾಗಿ ಕೆರೆತ. ಒಣಗಿದ ಗಿಡದ ಪುಡಿ ಗಾಳಿಗೆ ಬಂದರೂ ಮುಖ, ಕುತ್ತಿಗೆ ಎಲ್ಲಾ ಕೆರೆತ. ಪರಾಗ ಮೂಗಿಗೆ ಹೋದರೆ ಸೀನು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ನಿನ್ನ ಯುರೋಪಿನ ಪಟ್ಟಿಯಲ್ಲಿ ರ್‍ಯಾಗ್‌ವೀಡ್ ಅಂದೆಯಲ್ಲ, ಅದರ ಹತ್ತಿರದ ಬಂಧು ಇದು.

ಅಳಿಯ: ಬಂಧುವಿನ ಅಂಕಿ ಅವರಿಗುಂಟು, ನಮ್ಮ ಗಿಡದ ಅಂಕಿ ನಮಗಿಲ್ಲ. ಹಾಗಾದರೆ ಅಳೆಯೋದು ಹೇಗೆ? ಒಂದು ಸೆನ್ಸರ್ ತಂದು ಬಾಲ್ಕನಿಯಲ್ಲಿ ಹಾಕಿದರೆ? ಎರಡು ಮೂರು ಸಾವಿರಕ್ಕೆ ಕಣ ಎಣಿಸೋವು ಸಿಗ್ತವೆ.

ಅತ್ತೆ: ಅದು ಹೊಗೆ ಎಣಿಸುತ್ತೆ. ಒಗ್ಗರಣೆ ಹಾಕಿದರೂ ಕೂಗುತ್ತೆ. ಪರಾಗಕ್ಕೆ ಇವತ್ತಿಗೂ ಜಗತ್ತಿನ ಬಹುಪಾಲು ಕೇಂದ್ರಗಳು ಬಳಸೋದು 1952ರ ಯಂತ್ರ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹರ್ಸ್ಟ್ ಅನ್ನೋರು ಬೆಳೆರೋಗದ ಬೀಜಕ ಹಿಡಿಯೋಕೆ ಮಾಡಿದ್ದು. ಮಾಳಿಗೆ ಮೇಲೆ ಇಡ್ತಾರೆ. ಬಾಲ ಇರುತ್ತೆ, ಗಾಳಿ ಬಂದ ಕಡೆಗೆ ಮುಖ ತಿರುಗಿಸಿಕೊಳ್ಳುತ್ತೆ. ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಎಳೆಯುತ್ತೆ, ಸುಮ್ಮನೆ ಕೂತ ಮನುಷ್ಯ ಎಳೆಯೋವಷ್ಟೇ ಹೆಚ್ಚು ಕಡಿಮೆ. ಒಳಗೆ ಎರಡು ಮಿಲಿಮೀಟರ್ ಅಗಲದ ಸೀಳು, ಅದರ ಹಿಂದೆ ಅಂಟು ಸವರಿದ ಟೇಪು ಸುತ್ತಿದ ಡ್ರಮ್ಮು. ಡ್ರಮ್ಮು ಗಂಟೆಗೆ ಎರಡು ಮಿಲಿಮೀಟರ್ ಸರಿಯುತ್ತೆ, ವಾರಕ್ಕೊಂದು ಸುತ್ತು. ಹಾಗಾಗಿ ಟೇಪಿನ ಯಾವ ಭಾಗ ಯಾವ ಗಂಟೆಯದು ಅಂತ ತಿಳಿಯುತ್ತೆ. ವಾರ ಕಳೆದ ಮೇಲೆ ಟೇಪು ಬಿಚ್ಚಿ, ದಿನಕ್ಕೆ ನಲವತ್ತೆಂಟು ಮಿಲಿಮೀಟರ್‌ನಂತೆ ಕತ್ತರಿಸಿ, ಸ್ಲೈಡಿನ ಮೇಲೆ ಕೂರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಣ ಗುರುತಿಸಿ ಎಣಿಸಬೇಕು. ಘನ ಮೀಟರ್ ಗಾಳಿಗೆ ಇಷ್ಟು ಕಣ ಅಂತ ಲೆಕ್ಕ ಹಾಕಬೇಕು. ಕಾಂಗ್ರೆಸ್ ಗಿಡದ್ದು ಗುಂಡಗೆ, ಮೈಯೆಲ್ಲಾ ಮುಳ್ಳು. ಹುಲ್ಲಿನದ್ದು ನುಣುಪು, ಒಂದೇ ರಂಧ್ರ. ಕಣ್ಣು ಪಳಗಿದರೆ ಕಷ್ಟವಿಲ್ಲ. ಆದರೆ ಒಂದು ಹುಲ್ಲಿನಿಂದ ಇನ್ನೊಂದು ಹುಲ್ಲಿನ ಕಣ ಬೇರೆ ಮಾಡೋದು ಯಾರಿಂದಲೂ ಆಗೋ ಮಾತಲ್ಲ. ಎಲ್ಲಾ ‘ಹುಲ್ಲು’ ಅಂತಲೇ ಬರಕೋತೀವಿ.

ಅಳಿಯ: ಎಪ್ಪತ್ತು ವರ್ಷ ದಾಟಿದರೂ ಕೈಯಲ್ಲೇ ಎಣಿಸೋದಾ?

ಅತ್ತೆ: ಸ್ವಿಟ್ಜರ್ಲೆಂಡಿನ ಹವಾಮಾನ ಇಲಾಖೆ 2023ರಿಂದ ತಾನೇ ಗುರುತಿಸಿ ಎಣಿಸೋ ಯಂತ್ರಗಳಿಂದ ಗಂಟೆಗಂಟೆಯ ಅಂಕಿ ಕೊಡುತ್ತಿದೆ. ನಮ್ಮಲ್ಲಿ ಅಷ್ಟು ದುಡ್ಡು ಯಾರು ಹಾಕ್ತಾರೆ? ಹರ್ಸ್ಟ್ ಯಂತ್ರವೇ ಲಕ್ಷಗಳ ಮಾತು. ಆದರೆ ಚಂಡೀಗಢದವರು ಮಾಡಿದ್ದಾರೆ ನೋಡು. ಅಲ್ಲಿನ ಪಿಜಿಐ ಆಸ್ಪತ್ರೆಯವರು, ಪಂಜಾಬ್ ವಿಶ್ವವಿದ್ಯಾಲಯದವರು ಸೇರಿ ಗಾಳಿಯಲ್ಲಿ ಯಾವ ಕಾಲಕ್ಕೆ ಯಾವ ಪರಾಗ ಅಂತ ಎಣಿಸಿ 2022ರಲ್ಲಿ ತಮ್ಮ ಊರಿಗೊಂದು ಪರಾಗ ಪಂಚಾಂಗ ಪ್ರಕಟಿಸಿದರು.

ಅಳಿಯ: ಅವರ ಪಂಚಾಂಗ ಇಲ್ಲಿಗೆ ಹೊಂದುತ್ತಾ?

ಅತ್ತೆ: ಎಲ್ಲಿಂದ ಹೊಂದುತ್ತೆ? ಅಲ್ಲಿ ಕೊರೆಯೋ ಚಳಿ, ಆಮೇಲೆ ವಸಂತ. ಇಲ್ಲಿ ಯುಗಾದಿ ಹೊತ್ತಿಗೆ ಆಗಲೇ ಬಿಸಿಲು. ಮಳೆ ಬಿದ್ದಾಗಲೆಲ್ಲಾ ಚಿಗುರೋ ಕಳೆಗೆ ಕಾಲವೂ ಇಲ್ಲ, ಅಕಾಲವೂ ಇಲ್ಲ.

ಅಳಿಯ: ನಿಮ್ಮ ಯಂತ್ರದಲ್ಲೂ ಒಂದು ಪೇಚಿದೆಯಲ್ಲ ಅತ್ತೆ. ವಾರದ ಟೇಪು ಅಂದಿರಿ. ಸೋಮವಾರ ಸೀನಿದವನಿಗೆ ಉತ್ತರ ಸಿಗೋದು ಮುಂದಿನ ವಾರ. ದಿನಾ ಟೇಪು ಬದಲಾಯಿಸಿದರೂ ಸಿಗೋದು ನಿನ್ನೆಯ ಅಂಕಿಯೇ. ಜನ ಆ್ಯಪ್ ತೆರೆಯೋದು ಇವತ್ತು, ನಾಳೆ ಹೇಗೆ ಅಂತ ತಿಳಿಯೋಕೆ.

ಅತ್ತೆ: ಅದು ನಿಜ. ಪ್ರಬಂಧ ಬರೆಯೋರಿಗೆ ವಾರದ ಅಂಕಿ ಸಾಕು, ರೋಗಿಗೆ ಸಾಲದು.

ಅಳಿಯ: ಅಲ್ಲಿ ನನ್ನ ಕೆಲಸ ಶುರು. ಒಂದು ಮಾತು ಹೇಳಿ, ಕಾಂಗ್ರೆಸ್ ಗಿಡ ಮೊಳೆತು ಎಷ್ಟು ದಿನಕ್ಕೆ ಹೂ ಬಿಡುತ್ತೆ?

ಅತ್ತೆ: ನಾಲ್ಕರಿಂದ ಆರು ವಾರ. ಬಿಸಿಲು, ತೇವ ಸರಿಯಾಗಿದ್ದರೆ.

ಅಳಿಯ: ಹಾಗಿದ್ದರೆ ಮಳೆಯೇ ಮುನ್ಸೂಚನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಮಳೆಮಾಪಕಗಳನ್ನು ಊರ ತುಂಬ ಹಾಕಿದ್ದಾರೆ. ಬೆಂಗಳೂರಿನ ಮಳೆ ನಿಮಗೆ ಗೊತ್ತಲ್ಲ, ಯಲಹಂಕದಲ್ಲಿ ಸುರಿದರೆ ಜಯನಗರದಲ್ಲಿ ಬಟ್ಟೆ ಒಣಗ್ತಿರುತ್ತೆ. ಯಾವ ಬಡಾವಣೆಯಲ್ಲಿ ಯಾವತ್ತು ಹದವಾದ ಮಳೆ ಬಿತ್ತೋ ಅಲ್ಲಿಂದ ನಾಲ್ಕನೇ ವಾರದ ಹೊತ್ತಿಗೆ ‘ಇಲ್ಲಿ ಗಿಡ ಹೂ ಬಿಡೋ ಕಾಲ ಬಂತು’ ಅಂತ ಹೇಳಬಹುದು. ಅದರ ಮೇಲೆ ಆ ದಿನದ ಗಾಳಿ, ತೇವಾಂಶ. ಒಣಗಾಳಿ ಬೀಸಿದರೆ ಪರಾಗ ಏಳುತ್ತೆ, ಮಳೆ ಹನಿದರೆ ತೊಳೆದುಹೋಗುತ್ತೆ. ಮೂರನ್ನೂ ಸೇರಿಸಿ ಅಂದಾಜು ಮಾಡೋದು. ನಿಮ್ಮ ಸ್ಲೈಡಿನ ಅಂಕಿ ಬಂದಾಗ ಅಂದಾಜು ಎಷ್ಟು ತಪ್ಪಿತು ಅಂತ ನೋಡಿ ತಿದ್ದಿಕೊಳ್ಳೋದು.

ಅತ್ತೆ: ಇದು ಒಳ್ಳೇ ಯೋಚನೆ ಕಣೋ. ಪಾಠ ಹೇಳುವಾಗ ನನಗೇ ಹೊಳೆದಿರಲಿಲ್ಲ. ಆದರೆ ತಿದ್ದೋಕೆ ಸ್ಲೈಡು ಇಲ್ಲದಿದ್ದರೆ ಇದು ಬರೀ ಜ್ಯೋತಿಷ್ಯ. ಇನ್ನು ಆ ಬಣ್ಣಗಳು, ಎಷ್ಟು ಕಣಕ್ಕೆ ಹಳದಿ, ಎಷ್ಟಕ್ಕೆ ಕೆಂಪು ಅಂತ ಇಟ್ಟಿದ್ದೀಯ?

ಅಳಿಯ: ಅಮೆರಿಕದ ರಾಷ್ಟ್ರೀಯ ಅಲರ್ಜಿ ಬ್ಯೂರೋದ ಪಟ್ಟಿ ತಗೊಂಡೆ. ಹುಲ್ಲಿನ ಪರಾಗ ಘನ ಮೀಟರಿಗೆ 1ರಿಂದ 4 ಇದ್ದರೆ ಕಡಿಮೆ, 5ರಿಂದ 19 ಮಧ್ಯಮ, 20ರಿಂದ 199 ಹೆಚ್ಚು, 200 ದಾಟಿದರೆ ತೀರಾ ಹೆಚ್ಚು.

ಅತ್ತೆ: ಆ ಗೆರೆಗಳನ್ನು ಹೇಗೆ ಎಳೆದರು ಅಂತ ನೋಡಿದೆಯಾ? ಅಲ್ಲಿನ ಕೇಂದ್ರಗಳಲ್ಲಿ ಸಿಕ್ಕ ಅಂಕಿಗಳನ್ನೆಲ್ಲಾ ಸಾಲಾಗಿ ಜೋಡಿಸಿ, ನಡುವಿನದಕ್ಕಿಂತ ಕೆಳಗಿದ್ದರೆ ಕಡಿಮೆ, ನೂರರಲ್ಲಿ ಎಪ್ಪತ್ತೈದರವರೆಗೆ ಮಧ್ಯಮ, ತೊಂಬತ್ತೊಂಬತ್ತರವರೆಗೆ ಹೆಚ್ಚು. ಅಷ್ಟೇ. ಅಲ್ಲಿನ ಗಾಳಿಯಲ್ಲಿ ಅದು ಎಷ್ಟು ಅಪರೂಪ ಅಂತ ಆ ಗೆರೆ ಹೇಳುತ್ತೆ. ಯಾರಿಗೆ ಎಷ್ಟಕ್ಕೆ ಸೀನು ಬರುತ್ತೆ ಅನ್ನೋದಕ್ಕೂ ಅದಕ್ಕೂ ಸಂಬಂಧವಿಲ್ಲ. ಕನ್ಸಾಸ್‌ನ ಹುಲ್ಲಿನ ಲೆಕ್ಕದಲ್ಲಿ ಕನಕಪುರ ರಸ್ತೆಗೆ ಬಣ್ಣ ಹಚ್ಚಬೇಡ.

ಅಳಿಯ: ಹಾಗಾದರೆ ಬಣ್ಣವೇ ಬೇಡ ಅಂತೀರಾ? ಬಣ್ಣ ಇಲ್ಲದಿದ್ದರೆ ಆ್ಯಪ್ ಯಾರೂ ತೆರೆಯಲ್ಲ ಅತ್ತೆ.

ಅತ್ತೆ: ಎರಡು ವರ್ಷ ಇಲ್ಲಿನ ಅಂಕಿ ಕೂಡಿದ ಮೇಲೆ ಇಲ್ಲಿನ ಗೆರೆ ಎಳಿ. ಅಲ್ಲಿಯವರೆಗೆ ಮಾತಿನಲ್ಲಿ ಹೇಳು. ‘ಜೆ.ಪಿ. ನಗರ: ಕಾಂಗ್ರೆಸ್ ಗಿಡ ಹೂ ಬಿಟ್ಟಿದೆ. ಇವತ್ತು ಒಣಗಾಳಿ. ಗಾಳಿಯಲ್ಲಿ ಪರಾಗ ಎಣಿಸಿಲ್ಲ.’ ಇದನ್ನು ಓದಿದವನಿಗೆ ಏನು ಮಾಡಬೇಕು ಅಂತ ತಾನೇ ತಿಳಿಯುತ್ತೆ. ‘ಎಣಿಸಿಲ್ಲ’ ಅನ್ನೋ ಆ ಸಾಲನ್ನ ಚಿಕ್ಕ ಅಕ್ಷರದಲ್ಲಿ ಅಡಿಗೆ ತಳ್ಳಬೇಡ.

ಅಳಿಯ: ಸರಿ. ಹಾಗಾದರೆ ಜನರನ್ನೇ ಕೇಳಿದರೆ? ಒಂದು ಗುಂಡಿ ಇಡೋದು, ಸೀನು ಬಂದವರು ಒತ್ತೋದು. ಎಲ್ಲಿ ಹೆಚ್ಚು ಜನ ಒತ್ತಿದರೋ ಅಲ್ಲಿ ಅಲರ್ಜಿ ಹೆಚ್ಚು.

ಅತ್ತೆ: ಮೂಗು ಸೋರೋರಲ್ಲಿ ಶೀತದವರೆಷ್ಟು, ಅಲರ್ಜಿಯವರೆಷ್ಟು? ಒತ್ತೋನಿಗೇ ಗೊತ್ತಿರಲ್ಲ.

ಅಳಿಯ: ಎರಡು ಪ್ರಶ್ನೆ ಸೇರಿಸಬಹುದು. ಕಣ್ಣು ತುರಿಸುತ್ತಾ, ಜ್ವರ ಇದೆಯಾ ಅಂತ.

ಅತ್ತೆ: ಸ್ವಲ್ಪ ಸೋಸುತ್ತೆ. ಆದರೂ ಗುಂಡಿ ಒತ್ತೋರು ಸೀನೋರು ಮಾತ್ರ. ಸೀನದೇ ಇರೋರು ಎಷ್ಟು ಜನ ಅನ್ನೋ ಲೆಕ್ಕ ನಿನಗೆ ಸಿಗೋದೇ ಇಲ್ಲ. ಡಾ. ಎಚ್. ಪರಮೇಶ್ ಅವರ ಬೆಂಗಳೂರಿನ ಅಂಕಿ ನೋಡಿರಬಹುದು ನೀನು. ಮಕ್ಕಳಲ್ಲಿ ಆಸ್ತಮಾ 1979ರಲ್ಲಿ ಶೇಕಡ 9, 1999ರ ಹೊತ್ತಿಗೆ ಶೇಕಡ 29.5. ಇಪ್ಪತ್ತು ಸಾವಿರ ಮಕ್ಕಳ ಮೇಲಿನ ಕೆಲಸ, ಕಣ್ತೆರೆಸಿದ ಕೆಲಸ. ಆದರೆ ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ. ಅದನ್ನೇ ‘ಬೆಂಗಳೂರಿನ ಮೂರು ಮಕ್ಕಳಲ್ಲಿ ಒಬ್ಬರಿಗೆ ಆಸ್ತಮಾ’ ಅಂತ ಎಷ್ಟು ಕಡೆ ಬರೆದುಬಿಟ್ಟಿದ್ದಾರೆ!

ಅಳಿಯ: ನಮ್ಮ ಕಡೆಯಲ್ಲೂ ಇದಕ್ಕೊಂದು ಕಥೆ ಇದೆ. ಗೂಗಲ್‌ನವರು 2008ರಲ್ಲಿ ಫ್ಲೂ ಟ್ರೆಂಡ್ಸ್ ಅಂತ ಶುರುಮಾಡಿದರು. ಜನ ಹುಡುಕೋ ಪದಗಳ ಮೇಲೆ ಎಲ್ಲಿ ಫ್ಲೂ ಹೆಚ್ಚಿದೆ ಅಂತ ಹೇಳೋದು. 2012-13ರ ಚಳಿಗಾಲದಲ್ಲಿ ನಿಜಕ್ಕಿಂತ ತೀರಾ ಹೆಚ್ಚು ತೋರಿಸಿತು. 2015ರಲ್ಲಿ ನಿಲ್ಲಿಸಿದರು. ಕಾಯಿಲೆ ಬಂದವರೂ ಹುಡುಕ್ತಾರೆ, ಸುದ್ದಿ ನೋಡಿ ಹೆದರಿದವರೂ ಹುಡುಕ್ತಾರೆ.

ಅತ್ತೆ: ಅಷ್ಟು ದೊಡ್ಡ ಕಂಪನಿಗೇ ಆಗದ್ದು ನಿನ್ನ ಗುಂಡಿಗೆ ಆಗುತ್ತಾ? ಸೀನಿನ ಬದಲು ಗಿಡ ಕೇಳು.

ಅಳಿಯ: ಅಂದರೆ?

ಅತ್ತೆ: ‘ನಿಮ್ಮ ಬೀದಿಯ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಇದೆಯಾ, ಬಿಳಿ ಹೂ ಬಿಟ್ಟಿದೆಯಾ’ ಅಂತ ಕೇಳು. ಫೋಟೋ ಹಾಕಲಿ. ಸೀನನ್ನು ಪರೀಕ್ಷೆ ಮಾಡೋಕಾಗಲ್ಲ, ಫೋಟೋ ನೋಡಿದರೆ ಗಿಡ ಹೌದೋ ಅಲ್ಲವೋ ಗೊತ್ತಾಗುತ್ತೆ. ಕ್ಯಾರೆಟ್ ಸೊಪ್ಪಿನಂಥ ಎಲೆ, ತಪ್ಪೋ ಹಾಗೇ ಇಲ್ಲ. ಮರ ಯಾವಾಗ ಚಿಗುರಿತು, ಯಾವಾಗ ಹೂ ಬಿಟ್ಟಿತು ಅಂತ ಶಾಲೆ ಮಕ್ಕಳೇ ಬರೆದಿಡೋ ಸೀಸನ್‌ವಾಚ್ ಅನ್ನೋ ಕಾರ್ಯಕ್ರಮ ವರ್ಷಗಳಿಂದ ನಡೀತಿದೆ. ಕಳೆಗೂ ಅಂಥದ್ದು ಬೇಕು.

ಅಳಿಯ: ಇದು ನನ್ನ ಮಳೆಯ ಲೆಕ್ಕಕ್ಕೂ ಹೊಂದುತ್ತೆ. ಮಾಳಿಗೆ ಮೇಲಿನ ಯಂತ್ರ ಊರಿನ ಒಟ್ಟು ಗಾಳಿ ಹೇಳುತ್ತೆ, ಗಿಡದ ನಕ್ಷೆ ಬೀದಿಯದು ಹೇಳುತ್ತೆ. ನಾನು ‘ಬಡಾವಣೆವಾರು’ ಅಂತ ಬರೆದುಕೊಂಡಿದ್ದಕ್ಕೆ ಅರ್ಥ ಬರೋದು ಅಲ್ಲೇ.

ಅತ್ತೆ: ಮಾಳಿಗೆ ಮಾತು ಬಂತು ಅಂತ ಹೇಳ್ತೀನಿ. ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕ್ಲಿ ಅಂತ ಒಬ್ಬ ವೈದ್ಯ, ಅವನಿಗೇ ಹುಲ್ಲಿನ ಪರಾಗದ ಅಲರ್ಜಿ. ಅಂಟು ಸವರಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಮೇಲೆ ಹಾರಿಸಿ, ಎತ್ತರದ ಗಾಳಿಯಲ್ಲೂ ಪರಾಗ ಇದೆ ಅಂತ ತೋರಿಸಿದ. 1873ರಲ್ಲಿ ಪುಸ್ತಕ ಬರೆದ. ತನ್ನ ಮೂಗಿನ ಮೇಲೇ ಪ್ರಯೋಗ ಮಾಡಿಕೊಂಡವನು. ನಿನ್ನಂಥವನೇ, ಕಂಪ್ಯೂಟರ್ ಇರಲಿಲ್ಲ ಅಷ್ಟೇ.

ಅಳಿಯ: ಇನ್ನೂ ಒಂದು ಲಾಭ ಇದೆ ಇದರಲ್ಲಿ. ಪರಾಗ ಹೆಚ್ಚಿದೆ ಅಂತ ತಿಳಿದರೆ ಜನ ಕಿಟಕಿ ಮುಚ್ಚಬಹುದು, ಅಷ್ಟೇ. ಗಿಡ ಎಲ್ಲಿದೆ ಅಂತ ತಿಳಿದರೆ ಕೀಳಬಹುದು.

ಅತ್ತೆ: ಹೂ ಬಿಡೋ ಮುಂಚೆ ಕೀಳಬೇಕು. ಮಣ್ಣು ಹಸಿಯಾಗಿರುವಾಗ, ಬೇರು ಸಮೇತ, ಕೈಗವಸು ಹಾಕಿಕೊಂಡು. ಅಲರ್ಜಿ ಇರೋರು ಆ ಕೆಲಸಕ್ಕೆ ಹೋಗಲೇಬಾರದು. ಇದೆಲ್ಲಾ ಆ ಪುಟದಲ್ಲಿ ಬರಲಿ. ಹೂ ಬಿಟ್ಟ ಮೇಲೆ ಉತ್ಸಾಹದಿಂದ ಕಿತ್ತು ರಸ್ತೆ ಬದಿ ರಾಶಿ ಹಾಕಿದರೆ ಬೀಜ ಬಿತ್ತಿದ ಹಾಗೆ. ಇದನ್ನೇ ತಿನ್ನೋ ಮೆಕ್ಸಿಕೋದ ದುಂಬಿ ಒಂದಿದೆ, ಜೈಗೊಗ್ರಾಮ ಅಂತ. 1983ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೇ ತರಿಸಿ, ಪರೀಕ್ಷೆ ಮಾಡಿ, ಮರುವರ್ಷ ಬಿಟ್ಟರು. ಮಳೆಗಾಲದಲ್ಲಿ ಗಿಡ ಬೋಳಿಸುತ್ತೆ. ನಡುವೆ ಸೂರ್ಯಕಾಂತಿ ಎಲೆ ಮೇಲೂ ಕಂಡಿತು ಅಂತ ದೊಡ್ಡ ಗಲಾಟೆ ಆಗಿತ್ತು. ಬೇಸಿಗೆ ಬಂತಂದರೆ ಮಣ್ಣಲ್ಲಿ ಹೂತು ಮಲಗಿಬಿಡುತ್ತೆ. ಫೋಟೋದಲ್ಲಿ ತೂತು ಬಿದ್ದ ಎಲೆ ಕಂಡರೆ ಅದನ್ನೂ ಗುರುತು ಹಾಕಿಕೋ, ಆ ಜಾಗದಲ್ಲಿ ಔಷಧಿ ಹೊಡೆಯೋದು ಬೇಡ.

ಅಳಿಯ: ಹಾಕ್ತೀನಿ. ಇನ್ನು ಗುಡುಗುಮಳೆ. ಮೆಲ್ಬರ್ನ್‌ನಲ್ಲಿರೋ ನನ್ನ ಸ್ನೇಹಿತನ ಫೋನಿಗೆ ಅಲ್ಲಿನ ಸರ್ಕಾರದಿಂದಲೇ ‘ಇವತ್ತು ಗುಡುಗಿನ ಆಸ್ತಮಾ ಅಪಾಯ’ ಅಂತ ಬರುತ್ತಂತೆ.

ಅತ್ತೆ: ಅದು ಸುಮ್ಮನೆ ಬಂದದ್ದಲ್ಲ. 2016ರ ನವೆಂಬರ್ 21ರ ಸಂಜೆ ಅಲ್ಲಿ ಗುಡುಗುಗಾಳಿ ಬೀಸಿತು. ರೈಗ್ರಾಸ್ ಹುಲ್ಲಿನ ಪರಾಗ ತೇವಕ್ಕೆ ಒಡೆದು ಪುಡಿಪುಡಿಯಾಗಿ ಶ್ವಾಸಕೋಶದ ಆಳಕ್ಕೇ ಹೋಯಿತು. ಇಡೀ ಪರಾಗ ಮೂಗಿನಲ್ಲೇ ಸಿಕ್ಕಿಕೊಳ್ಳುತ್ತೆ, ಪುಡಿ ಹಾಗಲ್ಲ. ಎಂದಿಗಿಂತ ಮೂರು ಸಾವಿರಕ್ಕೂ ಹೆಚ್ಚು ಜನ ಉಸಿರಾಟದ ತೊಂದರೆ ಅಂತ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದರು. ಹತ್ತು ಜನ ಸತ್ತರು. ಬಂದವರಲ್ಲಿ ಭಾರತ, ಶ್ರೀಲಂಕಾಗಳಲ್ಲಿ ಹುಟ್ಟಿದವರ ಪಾಲು ಬೇರೆ ವರ್ಷಗಳಿಗಿಂತ ಎದ್ದು ಕಾಣುವಷ್ಟಿತ್ತು. ಅಲ್ಲಿಗೆ ಹೋಗೋ ನಮ್ಮ ಹುಡುಗರಿಗೆ ಇದು ಗೊತ್ತಿರಬೇಕು. ಮರುವರ್ಷ ಸರ್ಕಾರ ಮುನ್ಸೂಚನೆ ವ್ಯವಸ್ಥೆ ಮಾಡಿತು. ಬೆಂಗಳೂರಿಗೆ ಅದೇ ಎಚ್ಚರಿಕೆಯನ್ನು ನೀನು ನಕಲು ಹೊಡೆಯಬೇಡ. ಇಲ್ಲಿ ಆ ಹುಲ್ಲುಗಾವಲಿಲ್ಲ, ಏಪ್ರಿಲ್ ಮೇನಲ್ಲಿ ಗುಡುಗದ ಸಂಜೆಯೂ ಇಲ್ಲ. ದಿನಾ ಕೂಗಿದರೆ ಯಾರು ಕೇಳ್ತಾರೆ?

ಅಳಿಯ: ಸರಿ, ಅದು ಬೇಡ. ಇನ್ನು ಜನ ಹಾಕೋ ಫೋಟೋ. ಅದರಲ್ಲಿ ಖಾಸಗಿತನದ ವಿಷಯ ನನಗೆ ಬಿಡಿ. ಯಾರ ಮನೆ ಎಲ್ಲಿದೆ ಅನ್ನೋದು ನನಗೆ ಬೇಡ. ಅಕ್ಷಾಂಶ, ರೇಖಾಂಶ ಎರಡರಲ್ಲೂ ದಶಮಾಂಶದ ಎರಡೇ ಅಂಕೆ ಉಳಿಸಿಕೊಂಡರೆ ಜಾಗ ಸುಮಾರು ಒಂದು ಕಿಲೋಮೀಟರಿಗೆ ಮಸುಕಾಗುತ್ತೆ. ಹೆಸರಿಲ್ಲ, ಫೋನ್ ನಂಬರ್ ಇಲ್ಲ, ಲಾಗಿನ್ ಇಲ್ಲ. ಫೋಟೋ ಜೊತೆ ಬರೋ ಗುಟ್ಟಿನ ವಿವರಗಳನ್ನು ಸರ್ವರ್ ಮುಟ್ಟೋ ಮೊದಲೇ ಅಳಿಸ್ತೀನಿ. ಯಾರಿಗೆ ಆಸ್ತಮಾ ಇದೆ ಅಂತ ಪಟ್ಟಿಯೇ ಇಟ್ಟುಕೊಳ್ಳದಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಮುಂದೆ ಕೈಕಟ್ಟಿ ನಿಲ್ಲೋ ಪ್ರಮೇಯವೂ ಕಡಿಮೆ.

ಅತ್ತೆ: ಜಾಹೀರಾತು?

ಅಳಿಯ: ಕೇಳಿದ್ದಾರೆ. ಪಟ್ಟಿ ಕೆಂಪಾದ ದಿನ ಅಲರ್ಜಿ ಮಾತ್ರೆ, ಗಾಳಿ ಶುದ್ಧ ಮಾಡೋ ಯಂತ್ರ ತೋರಿಸಿ ಅಂತ.

ಅತ್ತೆ: ಕೆಂಪಾದಷ್ಟೂ ದುಡ್ಡು ಬರೋ ಹಾಗಾದರೆ ನಿನ್ನ ಗೆರೆ ಎಲ್ಲಿ ಹೋಗಿ ನಿಲ್ಲುತ್ತೆ ಅಂತ ನಾನು ಹೇಳಬೇಕಾ?

ಅಳಿಯ: ಬೇಡ ಅಂದೆ. ಖರ್ಚೂ ಅಷ್ಟಿಲ್ಲ. ಗಂಟೆಗೊಮ್ಮೆ ಸ್ಕ್ರಿಪ್ಟ್ ಓಡಿ ಹವಾಮಾನ ತಂದಿಟ್ಟುಕೊಳ್ಳುತ್ತೆ, ಮಿಕ್ಕವರಿಗೆಲ್ಲಾ ಅದೇ ಹೋಗುತ್ತೆ. ಪುಟ ಹಗುರ, ನೆಟ್‌ವರ್ಕ್ ಇಲ್ಲದಿದ್ದರೂ ಹಿಂದಿನ ಸಲದ್ದು ಕಾಣುತ್ತೆ. ಅದು ಯಾವ ಗಂಟೆಯದು ಅನ್ನೋದೂ ಕಾಣುತ್ತೆ. ಕನ್ನಡದಲ್ಲೇ ತೆರೆದುಕೊಳ್ಳುತ್ತೆ.

ಅತ್ತೆ: ಇನ್ನೊಂದನ್ನು ಮರೀಬೇಡ. ನಮ್ಮೂರಿನಲ್ಲಿ ವರ್ಷಪೂರ್ತಿ ಮೂಗು ಸೋರೋರಲ್ಲಿ ಬಹಳ ಜನಕ್ಕೆ ಕಾರಣ ಹೊರಗಿನ ಹೂವಲ್ಲ, ಹಾಸಿಗೆಯೊಳಗಿನ ನುಸಿ. ಕಣ್ಣಿಗೆ ಕಾಣದ್ದು. ತೇವ ಹೆಚ್ಚಿದಾಗ ಹೆಚ್ಚುತ್ತೆ. ಮಳೆಗಾಲದಲ್ಲಿ ಗೋಡೆಯ ಬೂಷ್ಟು ಬೇರೆ. ಮಂಗಳೂರು, ಮಡಿಕೇರಿ ಕಡೆಯವರನ್ನು ಕೇಳು, ಹೇಳ್ತಾರೆ. ಅಂಥವರು ನಿನ್ನ ಆ್ಯಪ್ ನೋಡಿ, ಹೊರಗೆ ಪರಾಗ ಹೆಚ್ಚು ಅಂತ ಕಿಟಕಿ ಮುಚ್ಚಿಕೊಂಡು ಅದೇ ಹಾಸಿಗೆಯಲ್ಲಿ ಮಲಗಿದರೆ?

ಅಳಿಯ: ಪರಾಗದ ಆ್ಯಪ್‌ನಿಂದಲೇ ಅಲರ್ಜಿ ಹೆಚ್ಚುತ್ತೆ.

ಅತ್ತೆ: ಅದಕ್ಕೇ ಮೊದಲ ಪುಟದಲ್ಲಿ ಹಾಕು. ಯಾವುದಕ್ಕೆ ಅಲರ್ಜಿ ಅಂತ ವೈದ್ಯರ ಹತ್ತಿರ ಚರ್ಮದ ಪರೀಕ್ಷೆ ಮಾಡಿಸಿಕೊಂಡವರಿಗೆ ಇದು ಉಪಯೋಗ, ಮಿಕ್ಕವರಿಗೆ ಊಹೆ ಅಂತ. ಇಲ್ಲಿ ಏನೇ ಕಂಡರೂ ಇನ್‌ಹೇಲರ್ ನಿಲ್ಲಿಸಬೇಡಿ ಅಂತ ದಪ್ಪಕ್ಷರದಲ್ಲಿ ಹಾಕು. ಇವತ್ತು ಚೆನ್ನಾಗಿದೆ ಅಂದುಕೊಂಡು ಔಷಧಿ ಬಿಟ್ಟವರೇ ಮೂರನೇ ದಿನ ಒದ್ದಾಡೋದು.

ಅಳಿಯ: ಎಲ್ಲಾ ಸೇರಿಸಿದರೂ ಯಂತ್ರದ ಪ್ರಶ್ನೆ ಉಳೀತು ಅತ್ತೆ. ಲಕ್ಷಗಟ್ಟಲೆ ನನ್ನ ಹತ್ತಿರ ಇಲ್ಲ.

ಅತ್ತೆ: ಯಂತ್ರ ಬರೋವರೆಗೆ ಕಾಯಬೇಡ. ಡರ್‌ಹ್ಯಾಮ್ ತಟ್ಟೆ ಅಂತ ಇದೆ, 1946ರ ವಿಧಾನ. ಎರಡು ತಟ್ಟೆ ಒಂದರ ಮೇಲೊಂದು, ನಡುವೆ ವ್ಯಾಸಲೀನ್ ಸವರಿದ ಸ್ಲೈಡು. ಮೇಲಿನ ತಟ್ಟೆ ಮಳೆಗೆ ಅಡ್ಡ. ದಿನಕ್ಕೊಂದು ಸ್ಲೈಡು. ತಾನಾಗಿ ಬಿದ್ದದ್ದು ಮಾತ್ರ ಸಿಗುತ್ತೆ, ಹಾಗಾಗಿ ಘನ ಮೀಟರಿಗೆ ಎಷ್ಟು ಅಂತ ಹೇಳೋಕಾಗಲ್ಲ, ದೊಡ್ಡ ಕಣ ಹೆಚ್ಚು ಬೀಳುತ್ತೆ ಅನ್ನೋ ದೋಷವೂ ಇದೆ. ಆದರೆ ಯಾವ ವಾರದಲ್ಲಿ ಯಾವುದು ಶುರುವಾಯ್ತು, ಯಾವಾಗ ಮುಗೀತು ಅನ್ನೋಕೆ ಸಾಕು. ನಿನ್ನ ಮಳೆ ಲೆಕ್ಕ ನಾಲ್ಕು ವಾರ ಅಂದದ್ದು ಇಲ್ಲಿ ನಾಲ್ಕೋ ಆರೋ ಅಂತ ಅದು ಹೇಳುತ್ತೆ. ಮಾಳಿಗೆ, ಸೂಕ್ಷ್ಮದರ್ಶಕ, ಸಸ್ಯಶಾಸ್ತ್ರದ ಮಕ್ಕಳು ಮೂರೂ ಇರೋ ಕಾಲೇಜುಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಮಕ್ಕಳಿಗೆ ಪ್ರಾಜೆಕ್ಟ್ ಬೇಕೇ ಬೇಕು, ಪ್ರತಿ ವರ್ಷ ಅವೇ ಹಳೇ ವಿಷಯ ತಿರುಗಿಸಿ ಬರೀತಾರೆ.

ಅಳಿಯ: ನೀವು ಒಂದು ಮಾತು ಹೇಳಿದರೆ ನಿಮ್ಮ ಹಳೇ ಕಾಲೇಜಿನವರು ಒಪ್ಪಿಕೊಳ್ಳಬಹುದು.

ಅತ್ತೆ: ಹೇಳ್ತೀನಿ. ಕಣ ಗುರುತಿಸೋದನ್ನು ಮಕ್ಕಳಿಗೆ ಕಲಿಸೋಕೂ ನಾನೇ ಬರ್ತೀನಿ. ಆದರೆ ಒಂದು ಕಾಲೇಜಿನಿಂದ ಆಗೋ ಕೆಲಸ ಅಲ್ಲ. ಯಲಹಂಕದ ಕಡೆ ಒಂದು, ವೈಟ್‌ಫೀಲ್ಡ್ ಕಡೆ ಒಂದು, ಕೆಂಗೇರಿ ಕಡೆ ಒಂದು ಬೇಕು. ಸ್ಲೈಡು, ಬಣ್ಣದ ಖರ್ಚು ತಿಂಗಳಿಗೆ ಹೆಚ್ಚೇನೂ ಆಗಲ್ಲ. ಮಾಳಿಗೆಯ ಬೀಗದ ಕೈ ಕೊಡೋ ಪ್ರಿನ್ಸಿಪಾಲರು ಬೇಕು. ಆ್ಯಪ್‌ನ ಮೊದಲ ಪುಟದಲ್ಲಿ ಪಿನ್‌ಕೋಡ್ ಪೆಟ್ಟಿಗೆಯ ಕೆಳಗೇ ಬರಿ: ‘ನಿಮ್ಮ ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಇದ್ದರೆ, ದಿನಕ್ಕೊಂದು ಸ್ಲೈಡು ಇಡೋಕೆ ಒಬ್ಬ ವಿದ್ಯಾರ್ಥಿ ಸಿಕ್ಕರೆ, ನಮಗೆ ತಿಳಿಸಿ.’